ಅಮ್ಮನ ಉಸಿರು ಸುಧಾರಿಸಿದೆ, ಸ್ಕ್ಯಾನ್ ರಿಪೋರ್ಟ್ ಮಾತ್ರ ‘ಹೆಚ್ಚಾಗಿದೆ’ ಅನ್ನುತ್ತಿದೆ: ಸ್ಟೆರಾಯ್ಡ್ ಏರಿಸಬೇಕೆ?

ಪ್ರಶ್ನೆ: ನಮ್ಮ ತಾಯಿಗೆ 56 ವರ್ಷ. ಊರು ಜಗಳೂರು ತಾಲ್ಲೂಕಿನಲ್ಲಿ, ಮೆಕ್ಕೆಜೋಳದ ಬೇಸಾಯ. ಎರಡು ವರ್ಷದಿಂದ ಒಣಕೆಮ್ಮು, ನಡೆದರೆ ದಮ್ಮು. ಕಫದಲ್ಲಿ ಟಿಬಿ ಇಲ್ಲವೆಂದು ಬಂತು. ಜುಲೈನಲ್ಲಿ ದಾವಣಗೆರೆಯಲ್ಲಿ ಎದೆಯ ಎಚ್‌ಆರ್‌ಸಿಟಿ (ತೆಳು ಪದರದ ಸಿಟಿ ಸ್ಕ್ಯಾನ್) ಮಾಡಿಸಿದಾಗ ‘ಗ್ರೌಂಡ್ ಗ್ಲಾಸ್, ಮೊಸಾಯಿಕ್ ಅಟೆನ್ಯುಯೇಷನ್, ಏರ್ ಟ್ರ್ಯಾಪಿಂಗ್, ಅಲ್ಲಲ್ಲಿ ರೆಟಿಕ್ಯುಲೇಷನ್, ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಇರಬಹುದು’ ಎಂದು ಬರೆದಿದ್ದರು. ವೈಸೊಲೋನ್ ಎಂಬ ಸ್ಟೆರಾಯ್ಡ್ ಮಾತ್ರೆ 40 ಮಿ.ಗ್ರಾಂ.ನಿಂದ ಶುರುಮಾಡಿ ಇಳಿಸುತ್ತಾ ಈಗ 15ಕ್ಕೆ ಬಂದಿದೆ. ಚಿಕಿತ್ಸೆಗೆಂದು ತಾಯಿಯನ್ನು ದಾವಣಗೆರೆಯ ನಮ್ಮ ಮನೆಗೇ ಕರೆತಂದಿದ್ದೆವು. ಊದುವ ಪರೀಕ್ಷೆಯಲ್ಲಿ ಎಫ್‌ವಿಸಿ (ಪೂರ್ತಿ ಉಸಿರೆಳೆದು ಊದಿ ಹೊರಹಾಕುವ ಗಾಳಿಯ ಪ್ರಮಾಣ) ಜುಲೈನಲ್ಲಿ 58% ಇದ್ದದ್ದು ಸೆಪ್ಟೆಂಬರ್‌ನಲ್ಲಿ 67% ಆಯಿತು. ದೀಪಾವಳಿಗೆ ಊರಿಗೆ ಹೋಗಿ ಹದಿನೈದು ದಿನ ಇದ್ದು ಬಂದರು. ಬಂದಮೇಲೆ ಸ್ವಲ್ಪ ಕೆಮ್ಮು ಇದೆ, ದಮ್ಮು ಮೊದಲಿನಷ್ಟಿಲ್ಲ. ಸಂಬಂಧಿಕರು ಹೇಳಿದರೆಂದು ಬೇರೆ ಸೆಂಟರ್‌ನಲ್ಲಿ ಇನ್ನೊಂದು ಸ್ಕ್ಯಾನ್ ಮಾಡಿಸಿದೆವು. ‘ಗ್ರೌಂಡ್ ಗ್ಲಾಸ್ ತುಸು ಹೆಚ್ಚಾಗಿದೆ’ ಎಂದು ಬಂದಿದೆ. ಅದನ್ನು ನೋಡಿದ ಇನ್ನೊಬ್ಬ ವೈದ್ಯರು ಮತ್ತೆ 40ಕ್ಕೆ ಏರಿಸಿ ಎಂದಿದ್ದಾರೆ. ಸಕ್ಕರೆ ಈಗಲೇ 240 ಇದೆ. ಅಮ್ಮನ ಮಾತು ನಂಬಬೇಕೋ, ಸ್ಕ್ಯಾನನ್ನೋ? ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ, ಅದರ ಪ್ರಕಾರ ಮಾತ್ರೆ ಏರಿಸಿ ಇಳಿಸಬೇಕೆ?
(ಹೆಸರು ಬೇಡ, ದಾವಣಗೆರೆ)

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ಹೋದದ್ದು ದೀಪಾವಳಿಯ ಸಾಲಿಗೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ವಾರದ ಕೆಲಸ.

ಈ ಒಂದು ರಿಪೋರ್ಟ್ ಹಿಡಿದುಕೊಂಡು ಮಾತ್ರೆ ಏರಿಸುವ ಮೊದಲು ನಿಮ್ಮ ಮೊದಲಿನ ವೈದ್ಯರ ಹತ್ತಿರ ಹೋಗಿ ಇನ್ನೊಮ್ಮೆ ಸ್ಪೈರೋಮೆಟ್ರಿ, ಅಂದರೆ ಆ ಊದುವ ಪರೀಕ್ಷೆ, ಮಾಡಿಸಿ. ಸೆಪ್ಟೆಂಬರ್ ಆದಮೇಲೆ ಊದಿಸಿಲ್ಲ ಅಂತ ಕಾಣುತ್ತದೆ. ಹಾಗೆಯೇ ಬೆರಳಿಗೆ ಆಕ್ಸಿಮೀಟರ್ ಹಾಕಿ ಆರು ನಿಮಿಷ ನಡೆಸಿ ನೋಡಲಿ. ದಮ್ಮು ಹೆಚ್ಚಿಲ್ಲ, ಜ್ವರವಿಲ್ಲ, ನಡೆದಾಗ ಆಮ್ಲಜನಕ ಮೊದಲಿಗಿಂತ ಕೆಳಗಿಳಿಯುತ್ತಿಲ್ಲ ಎಂದಾದರೆ ನಾಲ್ಕೈದು ದಿನ ತಡೆದು ಯೋಚಿಸುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಹಾಗಂತ ಗಾಬರಿಯಲ್ಲಿ ಇರುವ 15ನ್ನು ನಿಲ್ಲಿಸಿಬಿಡಬೇಡಿ. ಇಷ್ಟು ತಿಂಗಳು ಮಾತ್ರೆ ತೆಗೆದುಕೊಂಡವರಲ್ಲಿ ದೇಹ ತಾನೇ ತಯಾರಿಸುವ ಸ್ಟೆರಾಯ್ಡ್ ಮಲಗಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ವಾಂತಿ, ಸುಸ್ತು, ಬಿಪಿ ಕುಸಿತ ಆಗಬಹುದು, ಜೀವಕ್ಕೇ ಕುತ್ತು ಬರಬಹುದು.

ಈಗ ಪ್ರಶ್ನೆಗೆ. 2021ರ ಕೋವಿಡ್ ಅಲೆಯಲ್ಲಿ ನಮ್ಮ ಜನಕ್ಕೆ ಒಂದು ಅಭ್ಯಾಸ ಅಂಟಿಕೊಂಡಿತು. ಸ್ಕ್ಯಾನ್ ಆದ ತಕ್ಷಣ ‘ಸ್ಕೋರ್ ಎಷ್ಟು ಬಂತ್ರಿ, 25ಕ್ಕೆ?’ ಅಂತ ಕೇಳುವುದು. ಆ ಲೆಕ್ಕ ಆ ರೋಗಕ್ಕೆ, ಆ ಹೊತ್ತಿಗೆ ಮಾಡಿಕೊಂಡದ್ದು. ನಿಮ್ಮ ತಾಯಿಯವರ ರೋಗಕ್ಕೆ ಅಂಥ ಒಂದು ಅಂಕಿ ಇಲ್ಲ. ಸ್ಕ್ಯಾನ್ ಇಲ್ಲಿ ಥರ್ಮಾಮೀಟರ್ ಆಗಲಾರದು. ಪ್ರಶ್ನೆ ಇಟ್ಟುಕೊಂಡು ಮಾಡಿಸಿದರೆ ಉತ್ತರ ಕೊಡುತ್ತದೆ. ಪ್ರಶ್ನೆಯೇ ಇಲ್ಲದೆ ಮಾಡಿಸಿದರೆ ಈಗ ನಿಮಗಾದಂತೆ ಗೊಂದಲ ಕೊಡುತ್ತದೆ.

ಜುಲೈನ ಸ್ಕ್ಯಾನ್‌ಗೆ ಪ್ರಶ್ನೆ ಇತ್ತು. ಟಿಬಿ ಅಲ್ಲ, ಅಸ್ತಮಾ ಅಲ್ಲ, ಹಾಗಾದರೆ ಈ ಶ್ವಾಸಕೋಶದಲ್ಲಿ ನಡೆಯುತ್ತಿರುವುದು ಏನು? ಅದು ಕೊಟ್ಟ ಉತ್ತರವೂ ಚೆನ್ನಾಗಿದೆ. ರಿಪೋರ್ಟಿನ ನಾಲ್ಕು ಪದಗಳನ್ನು ಬಿಡಿಸಿ ನೋಡೋಣ.

ಗ್ರೌಂಡ್ ಗ್ಲಾಸ್ ಅಂದರೆ ಶ್ವಾಸಕೋಶದ ಆ ಭಾಗ ಬಚ್ಚಲುಮನೆ ಕಿಟಕಿಯ ಮಬ್ಬುಗಾಜಿನಂತೆ ಕಾಣುವುದು. ಬೆಳ್ಳಗೆ ಮಸುಕಾಗಿರುತ್ತದೆ, ಆದರೆ ಹಿಂದಿನ ರಕ್ತನಾಳದ ಗೆರೆಗಳು ಕಾಣುತ್ತಿರುತ್ತವೆ. ಗಾಳಿಚೀಲಗಳಲ್ಲಿ ಗಾಳಿಯ ಜಾಗವನ್ನು ಬೇರೇನೋ ಅರ್ಧಂಬರ್ಧ ತುಂಬಿದೆ ಎಂದಷ್ಟೇ ಅದರ ಅರ್ಥ. ಉರಿಯೂತದ ಜೀವಕೋಶಗಳಿರಬಹುದು, ನೀರಿರಬಹುದು, ರಕ್ತವಿರಬಹುದು, ಸೋಂಕಿರಬಹುದು. ಪೂರ್ತಿ ಉಸಿರು ಎಳೆದುಕೊಳ್ಳದಿದ್ದರೂ ಹಾಗೇ ಕಾಣುತ್ತದೆ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ.

ರೆಟಿಕ್ಯುಲೇಷನ್ ಅಂದರೆ ಬಲೆಯಂಥ ಸಣ್ಣ ಗೆರೆಗಳು. ಸಾಮಾನ್ಯವಾಗಿ ಅದು ಗಾಯ ಮಾಗಿ ಉಳಿದ ಕಲೆಯ ಗುರುತು, ಫೈಬ್ರೋಸಿಸ್. ಕಲೆ ಇನ್ನೂ ಬಲಿತರೆ ಸುತ್ತಲಿನ ಶ್ವಾಸನಾಳಗಳನ್ನು ಜಗ್ಗಿ ಅಗಲ ಮಾಡುತ್ತದೆ. ಕೊನೆಯ ಹಂತದಲ್ಲಿ ಜೇನುಗೂಡಿನ ಹಾಗೆ ಸಾಲು ಸಾಲು ತೂತುಗಳು ಕಾಣುತ್ತವೆ. ನಿಮ್ಮ ರಿಪೋರ್ಟಿನಲ್ಲಿ ಈ ಎರಡರ ಮಾತಿಲ್ಲ, ಅಷ್ಟರಮಟ್ಟಿಗೆ ಸಮಾಧಾನ. ಉರಿಯೂತ ಔಷಧಿಗೆ ಕರಗುತ್ತದೆ. ಕಲೆ ಕರಗುವುದಿಲ್ಲ, ಅದು ಮುಂದಕ್ಕೆ ಹೋಗದಂತೆ ತಡೆಯಬಹುದು ಅಷ್ಟೆ. ಎದೆಯ ಸ್ಕ್ಯಾನ್ ನಮಗೆ ಮಾಡುವ ದೊಡ್ಡ ಉಪಕಾರ ಇದೇ: ಎಷ್ಟು ಪಾಲು ವಾಪಸ್ ಬರುವಂಥದ್ದು, ಎಷ್ಟು ಪಾಲು ಬರದೇ ಇರುವಂಥದ್ದು ಎಂದು ಚಿಕಿತ್ಸೆಗೆ ಮುಂಚೆಯೇ ಸುಮಾರಾಗಿ ಹೇಳುವುದು. ಸ್ಕ್ಯಾನ್ ಪೂರ್ತಿ ಸ್ವಚ್ಛವಾಗಲಿ ಎಂದು ಸ್ಟೆರಾಯ್ಡ್ ಕೊಡುತ್ತಾ ಹೋದರೆ ಕಲೆ ಅಲ್ಲೇ ಇರುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ.

ಇನ್ನು ಮೊಸಾಯಿಕ್ ಮತ್ತು ಏರ್ ಟ್ರ್ಯಾಪಿಂಗ್. ಆರೋಗ್ಯವಂತರು ಉಸಿರು ಬಿಟ್ಟಾಗ ಇಡೀ ಶ್ವಾಸಕೋಶ ಒಂದೇ ಸಮನೆ ಬೂದು ಬಣ್ಣಕ್ಕೆ ತಿರುಗುತ್ತದೆ, ಏಕೆಂದರೆ ಗಾಳಿ ಹೊರಗೆ ಹೋಗಿರುತ್ತದೆ. ಸಣ್ಣ ಶ್ವಾಸನಾಳಗಳಲ್ಲಿ ಊತವಿದ್ದ ಕಡೆ ಗಾಳಿ ಸಿಕ್ಕಿಬಿದ್ದು ಆ ತುಂಡುಗಳು ಕಪ್ಪಗೇ ಉಳಿಯುತ್ತವೆ. ಮಸುಕು, ಸಹಜ, ಕಪ್ಪು ಈ ಮೂರೂ ಒಂದೇ ಚಿತ್ರದಲ್ಲಿ ಅಕ್ಕಪಕ್ಕ ಕಂಡರೆ ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಕಡೆಗೆ ಬಲವಾದ ಬೊಟ್ಟು. ಹೊರಗಿನ ಯಾವುದೋ ಸಾವಯವ ಧೂಳು, ಅಂದರೆ ಬೂಷ್ಟು, ಹಕ್ಕಿಯ ಹಿಕ್ಕೆ, ಗರಿ, ಒಳಗೆ ಹೋಗಿ ಶ್ವಾಸಕೋಶ ಅದರ ಮೇಲೆ ಯುದ್ಧಕ್ಕೆ ನಿಂತಿದೆ ಎಂದರ್ಥ.

ಹೀಗೆ ಬೊಟ್ಟು ಮಾಡಿ ತೋರಿಸುವುದರಿಂದ ಏನು ಲಾಭ? ಔಷಧಿಯೇ ಬದಲಾಗುತ್ತದೆ. ಬರೀ ಬುಡದಲ್ಲಿ, ಅಂಚಿನಲ್ಲಿ ಜೇನುಗೂಡು ಕಾಣುವ ಐಪಿಎಫ್ (ಕಾರಣ ತಿಳಿಯದೆ ಶ್ವಾಸಕೋಶದಲ್ಲಿ ಕಲೆ ಬೆಳೆಯುವುದು) ಎಂಬ ಕಾಯಿಲೆಗೂ ಒಂದು ಕಾಲದಲ್ಲಿ ಸ್ಟೆರಾಯ್ಡ್, ಅಜಾಥಯೋಪ್ರಿನ್, ಎನ್-ಅಸಿಟೈಲ್‌ಸಿಸ್ಟೀನ್ ಮೂರನ್ನೂ ಸೇರಿಸಿ ಕೊಡುತ್ತಿದ್ದೆವು. 2012ರಲ್ಲಿ ಪ್ರಕಟವಾದ ಅಮೆರಿಕದ ಪ್ಯಾಂಥರ್ ಅಧ್ಯಯನದಲ್ಲಿ ಈ ಮೂರು ಔಷಧಿ ತೆಗೆದುಕೊಂಡವರಲ್ಲೇ ಸಾವು, ಆಸ್ಪತ್ರೆ ದಾಖಲು ಹೆಚ್ಚು ಎಂದು ಕಂಡು ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಈಗ ಅವರಿಗೆ ಕಲೆ ಬೆಳೆಯುವುದನ್ನು ನಿಧಾನ ಮಾಡುವ ಪಿರ್ಫೆನಿಡೋನ್ ಅಥವಾ ನಿಂಟೆಡಾನಿಬ್ ಕೊಡುತ್ತೇವೆ. ಎರಡೂ ನಮ್ಮಲ್ಲಿ ಜೆನರಿಕ್ ಆಗಿ ಸಿಗುತ್ತವೆ. ಒಂದೇ ಬಗೆಯ ದಮ್ಮು, ಒಂದೇ ಬಗೆಯ ಕೆಮ್ಮು ಇದ್ದು ಒಬ್ಬರಿಗೆ ಸ್ಟೆರಾಯ್ಡ್ ಉಪಕಾರ, ಇನ್ನೊಬ್ಬರಿಗೆ ಅಪಾಯ. ಅದನ್ನು ಸ್ಟೆತಾಸ್ಕೋಪ್ ಹೇಳಲಾರದು. ಹಾಗಾಗಿ ಮೊದಲ ಸ್ಕ್ಯಾನ್‌ಗೆ ಯಾರಾದರೂ ಹಿಂದೇಟು ಹಾಕಿದರೆ ನಾನು ಬಿಡುವುದಿಲ್ಲ.

ಎರಡನೇ ಸ್ಕ್ಯಾನ್ ಕತೆ ಬೇರೆ. ಅದರ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಯಾಕೆಂದು ಹೇಳಲು ಸ್ಕ್ಯಾನ್ ರೂಮಿನೊಳಗೆ ಒಮ್ಮೆ ಹೋಗಬೇಕು.

ಟೆಕ್ನಿಷಿಯನ್ ಗಾಜಿನ ಆಚೆಯಿಂದ ಮೈಕಿನಲ್ಲಿ ‘ಉಸಿರು ಎಳ್ಕೊಳ್ರಿ... ಹಿಡ್ಕೊಳ್ರಿ... ಬಿಡ್ರಿ’ ಅನ್ನುತ್ತಾರೆ. ಕೆಮ್ಮುತ್ತಿರುವ ಹೆಂಗಸು, ತಣ್ಣನೆಯ ಎಸಿ, ತಲೆ ಮೇಲೆ ತಿರುಗುವ ಯಂತ್ರ. ಎಷ್ಟೋ ಜನ ಅರ್ಧ ಉಸಿರು ಎಳೆಯುವಷ್ಟರಲ್ಲಿ ಚಿತ್ರ ಮುಗಿದಿರುತ್ತದೆ. ಅರ್ಧ ಉಸಿರಿನಲ್ಲಿ ತೆಗೆದ ಚಿತ್ರದಲ್ಲಿ ಆರೋಗ್ಯವಂತ ಶ್ವಾಸಕೋಶವೂ ಮಸುಕಾಗಿಯೇ ಕಾಣುತ್ತದೆ. ಅನುಭವಿ ರೇಡಿಯಾಲಜಿಸ್ಟ್ ಆದರೆ ಶ್ವಾಸನಾಳದ ಹಿಂಗೋಡೆ ನೋಡಿ ಗುರುತು ಹಿಡಿಯುತ್ತಾರೆ. ಪೂರ್ತಿ ಉಸಿರು ಎಳೆದಾಗ ಅದು ಹೊರಗೆ ಉಬ್ಬಿರುತ್ತದೆ, ಉಸಿರು ಬಿಟ್ಟಾಗ ಒಳಗೆ ತಳ್ಳಿಕೊಂಡಿರುತ್ತದೆ. ಇನ್ನೊಂದು ಸಂಗತಿ: ಅಂಗಾತ ಮಲಗಿದವರ ಬೆನ್ನ ಕಡೆಯ ಶ್ವಾಸಕೋಶ ತನ್ನದೇ ಭಾರಕ್ಕೆ ಒತ್ತಿಕೊಂಡು ಬೆಳ್ಳಗೆ ಕಾಣುತ್ತದೆ. ಬೋರಲು ಮಲಗಿಸಿ ಇನ್ನೊಮ್ಮೆ ತೆಗೆದರೆ ಆ ಬಿಳುಪು ಮಾಯ. ಮಾಯವಾಗದಿದ್ದರೆ ರೋಗ ನಿಜ. ಇಂಥ ಕಾಯಿಲೆಗೆ ಮಾಡುವ ಸರಿಯಾದ ಎಚ್‌ಆರ್‌ಸಿಟಿ ಅಂದರೆ 1ರಿಂದ 1.5 ಮಿ.ಮೀ. ತೆಳುವಿನ ಪದರ, ಪೂರ್ತಿ ಉಸಿರು ಎಳೆದಾಗ ಒಮ್ಮೆ, ಬಿಟ್ಟಾಗ ಒಮ್ಮೆ, ಬೇಕೆನಿಸಿದರೆ ಬೋರಲು ಮಲಗಿಸಿ ಒಮ್ಮೆ. ರಕ್ತನಾಳಕ್ಕೆ ಬಣ್ಣದ ಇಂಜೆಕ್ಷನ್ ಇದಕ್ಕೆ ಬೇಕಾಗಿಲ್ಲ.

ನಿಮ್ಮ ಎರಡನೇ ಸೆಂಟರ್‌ನಲ್ಲಿ ಇದನ್ನೆಲ್ಲ ಮಾಡಿದ್ದಾರೋ ಅಥವಾ ಮಾಮೂಲಿ 5 ಮಿ.ಮೀ. ಪದರದ ಎದೆಯ ಸಿಟಿ ತೆಗೆದಿದ್ದಾರೋ ಪತ್ರದಿಂದ ಗೊತ್ತಾಗುವುದಿಲ್ಲ. ಆ ರೇಡಿಯಾಲಜಿಸ್ಟ್ ಕೈಯಲ್ಲಿ ಜುಲೈನ ಚಿತ್ರ ಇತ್ತೋ, ಬರೀ ಜುಲೈನ ರಿಪೋರ್ಟ್ ಇತ್ತೋ ಅದೂ ತಿಳಿಯದು. ಬೇರೆ ಯಂತ್ರ, ಬೇರೆ ಪದರ, ಬೇರೆ ಉಸಿರು, ಬೇರೆ ಕಣ್ಣು ಇಷ್ಟು ಸೇರಿದಾಗ ‘ತುಸು ಹೆಚ್ಚು’ ಎಂಬ ಎರಡು ಪದಕ್ಕೆ ಸಕ್ಕರೆ 240 ಇರುವ ಹೆಂಗಸಿಗೆ 40 ಮಿ.ಗ್ರಾಂ. ಕೊಡುವಷ್ಟು ತೂಕವಿಲ್ಲ.

ಪರಿಹಾರ ಕಷ್ಟದ್ದಲ್ಲ. ಎರಡೂ ಕಡೆಯಿಂದ ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಪೂರ್ತಿ ಚಿತ್ರಗಳನ್ನು ತೆಗೆದುಕೊಳ್ಳಿ. ಫಿಲ್ಮ್ ಸಾಲದು, ಮೊಬೈಲ್‌ನಲ್ಲಿ ಹೊಡೆದ ಫಿಲ್ಮಿನ ಫೋಟೋ ಅಂತೂ ಬೇಡವೇ ಬೇಡ. ಒಬ್ಬರೇ ರೇಡಿಯಾಲಜಿಸ್ಟ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲಿ, ಆಗ ಎದೆರೋಗ ತಜ್ಞರೂ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ದಾವಣಗೆರೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಎರಡೂ ವಿಭಾಗಗಳಿವೆ, ಕೇಳಿಕೊಂಡರೆ ನೋಡುತ್ತಾರೆ. ಈ ಗುಂಪಿನ ಕಾಯಿಲೆಗಳಿಗೆ ಎದೆರೋಗ ತಜ್ಞ, ರೇಡಿಯಾಲಜಿಸ್ಟ್, ಬೇಕಿದ್ದರೆ ವಾತರೋಗ ತಜ್ಞ ಕೂತು ಮಾತಾಡಿ ತೀರ್ಮಾನಿಸುವುದೇ ಲೋಕಾರೂಢಿ. ಕೇಳಬೇಕಾದ ಪ್ರಶ್ನೆಯೂ ಒಂದೇ: ಹೊಸ ಮಸುಕು ನಿಜವೋ ಅಲ್ಲವೋ, ನಿಜವಾದರೆ ಅದರ ಜೊತೆ ನಾಳಗಳು ಜಗ್ಗಿವೆಯೋ? ಜಗ್ಗಿದ್ದರೆ ಆ ಮಸುಕಿನಲ್ಲೂ ಸೂಕ್ಷ್ಮವಾದ ಕಲೆ ಇದೆ ಎಂದರ್ಥ. ಆಗ ಸ್ಟೆರಾಯ್ಡ್ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳುವಂತಿಲ್ಲ.

ಈಗ ದೀಪಾವಳಿಗೆ ಬರೋಣ. ಆ ಮಸುಕು ನಿಜವೇ ಆಗಿದ್ದರೆ ನನ್ನ ಅನುಮಾನ ಹೋಗುವುದು ಊರಿನ ಕಡೆಗೆ. ಜುಲೈನಿಂದ ದೀಪಾವಳಿವರೆಗೆ ತಾಯಿಯವರು ಪಟ್ಟಣದಲ್ಲಿದ್ದರು, ಸುಧಾರಿಸಿದರು. ಮಾತ್ರೆಯಿಂದ ಎಷ್ಟು, ಊರು ಬಿಟ್ಟದ್ದರಿಂದ ಎಷ್ಟು? ಎರಡೂ ಒಟ್ಟಿಗೇ ಆದ್ದರಿಂದ ಯಾರೂ ಹೇಳಲಾರರು. ಆಮೇಲೆ ಊರಿಗೆ ಹೋದದ್ದು ಸರಿಯಾಗಿ ಮೆಕ್ಕೆಜೋಳದ ಸುಗ್ಗಿಯಲ್ಲಿ. ನಮ್ಮ ಜಿಲ್ಲೆಯಲ್ಲಿ ಆ ಹೊತ್ತಿಗೆ ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ. ಹಿಂಗಾರು ಮಳೆ ಒಂದೆರಡು ಹನಿ ಹಾಕಿರುತ್ತದೆ. ತೆನೆ ರಾಶಿಗೆ ತಾಡಪಾಲು ಮುಚ್ಚಿರುತ್ತಾರೆ. ಒಳಗೆ ಬಿಸಿ, ತೇವ. ತೆಗೆದಾಗ ಅಡಿಯ ತೆನೆಗಳ ಮೇಲೆ ಬೂದು ಹಸಿರಿನ ಬೂಷ್ಟು. ಅದನ್ನೇ ಮೆಷಿನ್‌ಗೆ ಹಾಕಿ ಬಿಡಿಸುವಾಗ ಕಣದ ತುಂಬ ಏಳುವ ಧೂಳಿನಲ್ಲಿ ಎದುರು ನಿಂತವರ ಮುಖ ಕಾಣುವುದಿಲ್ಲ. ಹಬ್ಬಕ್ಕೆ ಬಂದ ತಾಯಿ ಕೈಕಟ್ಟಿ ಕೂತಿರುತ್ತಾರೆಯೇ? ಮೊರ ಹಿಡಿದು ಕೇರಿರುತ್ತಾರೆ, ದನದ ಮನೆ ಗುಡಿಸಿರುತ್ತಾರೆ, ಹಳೆಯ ಬಣವೆಯಿಂದ ಸೊಪ್ಪೆ ಹಿರಿದಿರುತ್ತಾರೆ.

ಬೂಷ್ಟು ಹಿಡಿದ ಒಣಹುಲ್ಲಿನಿಂದ ಬರುವ ಕಾಯಿಲೆಗೆ ವೈದ್ಯಶಾಸ್ತ್ರದಲ್ಲಿ ‘ಫಾರ್ಮರ್ಸ್ ಲಂಗ್’ ಎಂದೇ ಹೆಸರು. ಧೂಳಿಗೆ ಹೋದ ದಿನ ನಾಲ್ಕರಿಂದ ಎಂಟು ಗಂಟೆ ಕಳೆದು ಸಂಜೆಗೆ ಮೈ ಬಿಸಿ, ಚಳಿ, ಕೆಮ್ಮು, ಎದೆ ಬಿಗಿತ ಬರುವುದು ಒಂದು ಬಗೆ. ದಿನಾ ಸ್ವಲ್ಪ ಸ್ವಲ್ಪವೇ ಹೋಗಿ ಸದ್ದಿಲ್ಲದೆ ಕಲೆ ಬೆಳೆಯುವುದು ಇನ್ನೊಂದು, ಅದೇ ಹೆಚ್ಚು ಕೆಟ್ಟದ್ದು. ಊರಿನಲ್ಲಿದ್ದಾಗ ಸಂಜೆ ಹೊತ್ತು ಮೈ ಬಿಸಿಯಾಗುತ್ತಿತ್ತೇ ಎಂದು ತಾಯಿಯವರನ್ನು ಕೇಳಿ. ‘ದಣಿವಿಗೆ’ ಅಂದುಕೊಂಡು ಹೇಳದೆ ಇದ್ದಿರಬಹುದು.

ಜೋಳವೇ ಕಳ್ಳ ಎಂದು ಈಗಲೇ ಷರಾ ಬರೆಯಲೂ ಆಗದು. ಭಾರತದ ಐಎಲ್‌ಡಿ (ಶ್ವಾಸಕೋಶದಲ್ಲಿ ಉರಿಯೂತ, ಕಲೆ ಆಗುವ ಈ ಗುಂಪಿನ ಕಾಯಿಲೆಗಳು) ನೋಂದಣಿ ಅಧ್ಯಯನ 2017ರಲ್ಲಿ ಪ್ರಕಟವಾಯಿತು. 19 ನಗರಗಳ 27 ಕೇಂದ್ರಗಳಿಂದ 1,084 ರೋಗಿಗಳು. ಅವರಲ್ಲಿ 47.3% ಜನಕ್ಕೆ ಇದ್ದದ್ದು ಇದೇ ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್, ಮತ್ತು ಅಂಥವರಲ್ಲಿ ಸುಮಾರು ಅರ್ಧದಷ್ಟು ಮಂದಿ ಏರ್ ಕೂಲರ್ ಬಳಸುತ್ತಿದ್ದವರು. ಬೇಸಿಗೆಯಲ್ಲಿ ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲಿ ಕೂಲರ್ ಅಟ್ಟದಿಂದ ಇಳಿಯುತ್ತದೆ. ಹೋದ ವರ್ಷದ ಹುಲ್ಲಿನ ಪ್ಯಾಡ್, ತಳದಲ್ಲಿ ಹಳೆಯ ನೀರಿನ ಪಾಚಿ, ಅದನ್ನೇ ಹಾಕಿಕೊಂಡು ಮುಖಕ್ಕೆ ಗಾಳಿ ಬಿಟ್ಟುಕೊಂಡು ಮಲಗುವುದು. ನಿಮ್ಮ ಮನೆಯ ಸಜ್ಜೆಯ ಮೇಲೆ ಪಾರಿವಾಳ ಕೂರುತ್ತವೆಯೇ? ಊರಿನಲ್ಲಿ ಗೋಡೆ ಜಿನುಗುತ್ತದೆಯೇ? ಪತ್ರದಲ್ಲಿ ಇದ್ಯಾವುದೂ ಇಲ್ಲ, ಬಹುಶಃ ಯಾರೂ ಕೇಳಿಲ್ಲ. ಎಷ್ಟು ಹುಡುಕಿದರೂ ಕಾರಣ ಸಿಗದವರು ಬಹಳ ಜನ ಇದ್ದಾರೆ, ಆದರೆ ಸಿಕ್ಕಿ ಅದನ್ನು ಬಿಟ್ಟವರು ಹೆಚ್ಚು ಚೆನ್ನಾಗಿರುತ್ತಾರೆ. ಇಲ್ಲಿ ಮಾತ್ರೆ ಎರಡನೆಯದು, ದೂರ ಇರುವುದು ಮೊದಲನೆಯದು. ರೈತರ ಮನೆಯಲ್ಲಿ ಈ ಮಾತು ಹೇಳುವುದು ಸುಲಭ, ಪಾಲಿಸುವುದು ಕಷ್ಟ ಎಂದು ನನಗೆ ಗೊತ್ತು. ಸುಗ್ಗಿಯ ತಿಂಗಳು, ದನದ ಮನೆ, ಬಣವೆ ಇಷ್ಟರಿಂದಲಾದರೂ ತಾಯಿಯವರನ್ನು ಪೂರ್ತಿ ಬಿಡಿಸಿ. ಸೀರೆ ಸೆರಗು, ಬಟ್ಟೆ ಮಾಸ್ಕ್ ಈ ಧೂಳನ್ನು ತಡೆಯುವುದಿಲ್ಲ. ಎನ್95 ಮುಖಕ್ಕೆ ಸರಿಯಾಗಿ ಕೂತರೆ ತುಸು ತಡೆಯುತ್ತದೆ, ಆದರೆ ಅದನ್ನು ನೆಚ್ಚಿಕೊಂಡು ಕಣಕ್ಕೆ ಇಳಿಸಬೇಡಿ.

ಹಾಗಾದರೆ ಮಾತ್ರೆಯ ಲೆಕ್ಕ ಯಾವುದರ ಮೇಲೆ? ಮುಖ್ಯವಾಗಿ ಊದುವ ಪರೀಕ್ಷೆ, ನಡೆದಾಗಿನ ಆಮ್ಲಜನಕ, ಮತ್ತು ತಾಯಿಯವರ ಅನುಭವ. ಎಫ್‌ವಿಸಿ 58ರಿಂದ 67ಕ್ಕೆ ಬಂದದ್ದು ಊದುವಾಗಿನ ಏರುಪೇರಲ್ಲ, ನಿಜವಾದ ಚೇತರಿಕೆ. ಈಗಿನದು 65ರಿಂದ 68ರೊಳಗೆ ಬಂದರೆ ನಾನಾದರೆ ಮಾತ್ರೆ ಏರಿಸುವುದಿಲ್ಲ. 60ಕ್ಕೆ ಇಳಿದಿದ್ದರೆ, ಅಥವಾ ನಡೆದಾಗ ಆಮ್ಲಜನಕ 90ರ ಕೆಳಗೆ ಜಾರುತ್ತಿದ್ದರೆ ಮಾತು ಬೇರೆ, ಆಗ ಎರಡನೇ ಸ್ಕ್ಯಾನಿನ ಮಸುಕಿಗೂ ಅರ್ಥ ಬರುತ್ತದೆ. ಪರೀಕ್ಷೆಯೂ ಸರಿಯಾಗಿ ಆಗಬೇಕು. ಚೆನ್ನಾಗಿ ಊದಿದ ಎರಡು ಸಲಗಳ ನಡುವೆ 150 ಮಿ.ಲೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮತ್ತೆ ಊದಿಸಬೇಕು. ಸುಸ್ತಾಗಿದೆ ಪಾಪ ಎಂದು ಎರಡಕ್ಕೇ ಬಿಟ್ಟುಬಿಡುವ ಕನಿಕರ ಇಲ್ಲಿ ಉಪಯೋಗಕ್ಕೆ ಬಾರದು. ಆಕ್ಸಿಮೀಟರ್ ಹಾಕುವ ಬೆರಳಿಗೆ ನೇಲ್ ಪಾಲಿಶ್ ಇರಬಾರದು, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ ಹಾಕಿ.

2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಕಲೆ ಬೆಳೆಯುತ್ತಿದೆ ಎಂದು ಹೇಳಲು ಮೂರು ಲಕ್ಷಣ ಇಟ್ಟಿದ್ದಾರೆ: ತೊಂದರೆ ಹೆಚ್ಚಾಗುವುದು, ಒಂದು ವರ್ಷದೊಳಗೆ ಎಫ್‌ವಿಸಿ 5 ಅಂಶ ಅಥವಾ ಡಿಎಲ್‌ಸಿಒ (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಅಳತೆ) 10 ಅಂಶ ಇಳಿಯುವುದು, ಸ್ಕ್ಯಾನ್‌ನಲ್ಲಿ ಕಲೆ ಹೆಚ್ಚುವುದು. ಮೂರರಲ್ಲಿ ಎರಡಾದರೂ ಇರಬೇಕು, ಬೇರೆ ಕಾರಣ ಇರಬಾರದು. ಅಂದರೆ ಸ್ಕ್ಯಾನ್‌ಗೆ ಒಂದೇ ಓಟು, ಅದೂ ಮಸುಕಿಗಲ್ಲ, ಕಲೆಗೆ. ಹಾಗೆ ಬೆಳೆಯುತ್ತಿರುವುದು ಖಚಿತವಾದರೆ ನಿಂಟೆಡಾನಿಬ್ ಸೇರಿಸುವ ಯೋಚನೆ ಮಾಡುತ್ತೇವೆ. ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ರೋಗಿಗಳನ್ನೂ ಸೇರಿಸಿಕೊಂಡು ಮಾಡಿದ 2019ರ ಇನ್‌ಬಿಲ್ಡ್ ಅಧ್ಯಯನದಲ್ಲಿ ಅದು ಎಫ್‌ವಿಸಿ ಕುಸಿತವನ್ನು ನಿಧಾನ ಮಾಡಿದ್ದು ಕಂಡಿದೆ. ನಿಮ್ಮ ತಾಯಿಯವರು ಸದ್ಯಕ್ಕೆ ಆ ಹಂತದಲ್ಲಿಲ್ಲ. ಉರಿಯೂತವೇ ಮರುಕಳಿಸುತ್ತಿದೆ, ಸ್ಟೆರಾಯ್ಡ್ ಇಳಿಸಲಾಗುತ್ತಿಲ್ಲ ಎಂದಾದರೆ ಮೈಕೋಫಿನೋಲೇಟ್ ಅಥವಾ ಅಜಾಥಯೋಪ್ರಿನ್ ಜೊತೆಗಿಟ್ಟು ಸ್ಟೆರಾಯ್ಡ್ ತಗ್ಗಿಸುವ ದಾರಿಯಿದೆ. ಸಕ್ಕರೆ ಇರುವವರಿಗೆ ಅದು ಸುಮ್ಮನೆ ವೈಸೊಲೋನ್ ಏರಿಸುವುದಕ್ಕಿಂತ ಎಷ್ಟೋ ವಾಸಿ.

ಮಾತ್ರೆ ಏರಿಸುವ ಮೊದಲು ಇನ್ನೊಂದು ಸಲ ಟಿಬಿ ನೋಡಲೇಬೇಕು. ಜುಲೈನಲ್ಲಿ ಇರಲಿಲ್ಲ ಎಂದರೆ ನವೆಂಬರ್‌ನಲ್ಲೂ ಇಲ್ಲ ಎಂದಲ್ಲ. ತಿಂಗಳುಗಟ್ಟಲೆ ಸ್ಟೆರಾಯ್ಡ್, ಮೇಲೆ ಸಕ್ಕರೆ, ಇದು ಟಿಬಿಗೆ ಹದವಾದ ನೆಲ. ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪುಕ್ಕಟೆ ಮಾಡುತ್ತಾರೆ. ಹೊಸ ಮಸುಕು ಎಂದರೆ ಸೋಂಕೂ ಆಗಿರಬಹುದು. 20 ಮಿ.ಗ್ರಾಂ. ಮತ್ತು ಮೇಲ್ಪಟ್ಟು ಒಂದು ತಿಂಗಳಿಗಿಂತ ಹೆಚ್ಚು ತೆಗೆದುಕೊಳ್ಳುವವರಿಗೆ ನ್ಯುಮೊಸಿಸ್ಟಿಸ್ ಎಂಬ ಶಿಲೀಂಧ್ರದ ನ್ಯುಮೋನಿಯಾ ಬರದಂತೆ ಕೋಟ್ರೈಮಾಕ್ಸಜೋಲ್ ಕೊಡುವುದು ಇದೇ ಕಾರಣಕ್ಕೆ. ಫ್ಲೂ ಮತ್ತು ನ್ಯುಮೊಕಾಕಸ್ ಲಸಿಕೆ ಹಾಕಿಸಿಲ್ಲವಾದರೆ ಹಾಕಿಸಿ.

ಕಾಯಿಲೆಯ ಹೆಸರಿನ ಬಗ್ಗೆಯೂ ಒಂದು ಮಾತು. ರಿಪೋರ್ಟಿನಲ್ಲಿ ‘ಇರಬಹುದು’ ಎಂದಷ್ಟೇ ಇದೆ. ಬೆಳಗ್ಗೆ ಬೆರಳ ಗೆಣ್ಣು ಬಿಗಿಯುವುದು, ತಣ್ಣೀರಿಗೆ ಬೆರಳು ಬೆಳ್ಳಗೆ ನೀಲಿಯಾಗುವುದು, ಬಾಯಿ ಕಣ್ಣು ಒಣಗುವುದು ಇವೆಯೇ ನೋಡಿ. ಎಎನ್‌ಎ, ಆಂಟಿ-ಸಿಸಿಪಿ ಮುಂತಾದ ರಕ್ತ ಪರೀಕ್ಷೆ ಒಮ್ಮೆಯೂ ಆಗಿಲ್ಲದಿದ್ದರೆ ಆಗಬೇಕು, ಸಂಧಿವಾತದ ಗುಂಪಿನ ಕಾಯಿಲೆಗಳು ಇಂಥದ್ದೇ ಚಿತ್ರ ಬರೆಯುತ್ತವೆ. ಉರಿಮೂತ್ರಕ್ಕೆಂದು ತಿಂಗಳುಗಟ್ಟಲೆ ನೈಟ್ರೋಫ್ಯುರಾಂಟೋಯಿನ್ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ, ಆ ಮಾತ್ರೆಯೂ ಶ್ವಾಸಕೋಶ ಕೆಡಿಸಬಲ್ಲದು. ಇಷ್ಟಾಗಿಯೂ ಅನುಮಾನ ಉಳಿದರೆ ಬ್ರಾಂಕೋಸ್ಕೋಪಿಯಲ್ಲಿ ಶ್ವಾಸಕೋಶ ತೊಳೆದ ನೀರಿನಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಎಣಿಸುತ್ತಾರೆ. 30% ದಾಟಿದರೆ ಹೈಪರ್‌ಸೆನ್ಸಿಟಿವಿಟಿ ಕಡೆಗೆ ತಕ್ಕಡಿ ವಾಲುತ್ತದೆ. ಆದರೆ ಸ್ಟೆರಾಯ್ಡ್ ಶುರುವಾದ ಮೇಲೆ ಆ ಎಣಿಕೆಯನ್ನು ಪೂರ್ತಿ ನಂಬುವಂತಿಲ್ಲ.

ಈ ಅಂಕಣ ಓದುವ ಬೇರೆಯವರು ನಿಮ್ಮ ಉತ್ತರವನ್ನು ತಮಗೆ ಹಚ್ಚಿಕೊಳ್ಳಬಾರದೆಂದು ಎರಡು ಸಾಲು. ಚಿತ್ರದುರ್ಗದ ಕಡೆ ಕ್ರಷರ್, ಗಣಿ, ಕಲ್ಲು ಕೊರೆಯುವ ಕೆಲಸ ಮಾಡಿದವರಿಗೆ ಶ್ವಾಸಕೋಶದ ಮೇಲ್ಭಾಗದಲ್ಲಿ ಗಂಟುಗಂಟಾಗಿ ಕಂಡರೆ ಅದು ಸಿಲಿಕೋಸಿಸ್ ಇರಬಹುದು. ಅದಕ್ಕೆ ಸ್ಟೆರಾಯ್ಡ್‌ನಿಂದ ಉಪಯೋಗವಿಲ್ಲ, ಟಿಬಿ ಭಯ ಮಾತ್ರ ಬಹಳ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ವರ್ಷಗಟ್ಟಲೆ ದುಡಿದವರಿಗೆ ಹೆಚ್ಚಾಗಿ ಬರುವುದು ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗುವ ಕಾಯಿಲೆ. ಅವರಿಗೂ ಗಾಳಿ ಸಿಕ್ಕಿಬೀಳುತ್ತದೆ, ಆದರೆ ಔಷಧಿ ಇನ್‌ಹೇಲರ್. ಎದೆ ನಡುವಿನ ಎರಡೂ ಬದಿಯ ಗ್ರಂಥಿಗಳು ಊದಿಕೊಳ್ಳುವ ಸಾರ್ಕಾಯ್ಡೋಸಿಸ್ ನೋಡಲು ಟಿಬಿಯಂತೆಯೇ ಕಾಣುತ್ತದೆ. ಬರೀ ಗ್ರಂಥಿ ಊದಿದ್ದು ತೊಂದರೆ ಏನೂ ಇಲ್ಲದಿದ್ದರೆ ಬಹುಪಾಲು ಜನರಲ್ಲಿ ತಾನಾಗಿಯೇ ಇಳಿಯುತ್ತದೆ. ಅಲ್ಲಿಯೂ ಸ್ಕ್ಯಾನ್ ನೋಡಿ ಸ್ಟೆರಾಯ್ಡ್ ಕೊಡುವ ಆತುರ ಬೇಡ.

ಕೊನೆಗೆ, ಮೂರು ತಿಂಗಳಿಗೊಂದು ಸ್ಕ್ಯಾನ್. ಬೇಡ. ವಿಕಿರಣದ ಭಯ ಮುಖ್ಯ ಕಾರಣವಲ್ಲ. ಒಂದು ಎದೆಯ ಸಿಟಿಯಲ್ಲಿ ಸುಮಾರು 5ರಿಂದ 7 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ಸಹಜವಾಗಿಯೇ ವರ್ಷಕ್ಕೆ ಸರಾಸರಿ 2.4 ಬರುತ್ತದೆ. 56 ವಯಸ್ಸಿನವರಿಗೆ ಅಗತ್ಯ ಬಿದ್ದಾಗ ಮಾಡಿಸುವ ಸ್ಕ್ಯಾನ್‌ಗೆ ಹೆದರಬೇಕಿಲ್ಲ, ಮುಂದಿನದಕ್ಕೆ ಕಡಿಮೆ ಡೋಸ್‌ನಲ್ಲಿ ತೆಗೆಯಲು ಕೇಳಬಹುದು. ಕಾರಣ ಬೇರೆ: ಮೂರು ತಿಂಗಳಲ್ಲಿ ಕಲೆ ಅಳೆಯುವಷ್ಟು ಬದಲಾಗುವುದು ಕಡಿಮೆ, ಸಣ್ಣಪುಟ್ಟ ವ್ಯತ್ಯಾಸಕ್ಕೆ ಹೀಗೆ ಔಷಧಿ ಏರಿಳಿಸುವ ಪ್ರಸಂಗ ಬರುತ್ತದೆ. ಊದುವ ಪರೀಕ್ಷೆ ಮೂರು ನಾಲ್ಕು ತಿಂಗಳಿಗೊಮ್ಮೆ ಆಗಲಿ. ಸ್ಕ್ಯಾನ್ ಮುಂದಿನ ಜುಲೈಗೆ, ಅದೇ ಸೆಂಟರ್‌ನಲ್ಲಿ, ಅದೇ ವಿಧಾನದಲ್ಲಿ, ಹಳೆಯ ಸಿಡಿ ಜೊತೆಗಿಟ್ಟುಕೊಂಡು. ಹೋಗುವ ಮುಂಚೆ ಮನೆಯಲ್ಲಿ ಹತ್ತು ಸೆಕೆಂಡ್ ಉಸಿರು ಕಟ್ಟಿ ಅಭ್ಯಾಸ ಮಾಡಿಸಿ.

ಅದಕ್ಕೆ ಮುಂಚೆಯೇ ಮಾಡಿಸಬೇಕಾದ ಸಂದರ್ಭಗಳಿವೆ. ಎಫ್‌ವಿಸಿ ಇಳಿದರೆ, ಕಫದಲ್ಲಿ ರಕ್ತ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಕಾಯಬೇಡಿ. ಕೆಲವೇ ದಿನ ಅಥವಾ ವಾರಗಳಲ್ಲಿ ದಮ್ಮು ಏಕಾಏಕಿ ಏರಿದರೆ, ಕೂತಲ್ಲೇ ಆಮ್ಲಜನಕ 90ರ ಕೆಳಗೆ ಬಂದರೆ ಸ್ಕ್ಯಾನ್ ಸೆಂಟರ್‌ಗೆ ಹೋಗಬೇಡಿ, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಒಂದು ಕಾಲು ಊದಿಕೊಂಡಿದ್ದರೆ ಅದನ್ನು ತಪ್ಪದೆ ಹೇಳಿ. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸೇರಿದೆಯೇ ನೋಡಲು ಬಣ್ಣದ ಇಂಜೆಕ್ಷನ್ ಕೊಟ್ಟು ತೆಗೆಯುವ ಬೇರೆ ಬಗೆಯ ಸಿಟಿ ಬೇಕಾಗುತ್ತದೆ. ಅದಕ್ಕೆ ಮೊದಲು ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ನೋಡುತ್ತಾರೆ, ತಾಯಿಯವರು ಸಕ್ಕರೆಗೆ ಮೆಟ್ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಆ ಚೀಟಿಯನ್ನೂ ಜೊತೆಗೆ ಒಯ್ಯಿರಿ.